ನಾವು ನೋಡಿದ್ದು ಯಾವ ‘ಗ್ರ್ಯಾಂಡ್‌ಮಾಸ್ಟರ್’? ಒಟಿಟಿ ವೇದಿಕೆಗಳಿಗೂ ವಿತರಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ವಿದೇಶಿ ಚಿತ್ರಗಳನ್ನು ಭಾರತಕ್ಕೆ ತರುವ ವಿತರಕರು ಹಾಗೂ ಅವುಗಳನ್ನು ಪ್ರಸಾರ ಮಾಡುವ ಒಟಿಟಿ ವೇದಿಕೆಗಳ ಮುಖ್ಯಸ್ಥರು

ವಿಷಯ: ಚಿತ್ರದ ಯಾವ ಆವೃತ್ತಿಯನ್ನು ತೋರಿಸುತ್ತಿದ್ದೀರಿ ಎಂಬುದನ್ನು ಪ್ರೇಕ್ಷಕರಿಗೆ ತಿಳಿಸುವ ಬಗ್ಗೆ

ಮಾನ್ಯರೇ,

ಹಾಂಗ್‌ಕಾಂಗ್‌ನ ನಿರ್ದೇಶಕ ವಾಂಗ್ ಕಾರ್-ವಾಯ್ ಅವರ ‘ದ ಗ್ರ್ಯಾಂಡ್‌ಮಾಸ್ಟರ್’ ತೆರೆಕಂಡಿದ್ದು 2013ರಲ್ಲಿ. ಇಷ್ಟು ವರ್ಷ ಕಳೆದರೂ ಅದರ ಬಗ್ಗೆ ನೋಡುಗರಲ್ಲಿ ಒಮ್ಮತ ಮೂಡಿಲ್ಲ. ಕುಂಗ್‌ಫೂ ಚಿತ್ರಗಳಲ್ಲಿ ಇದಕ್ಕಿಂತ ಮೇಲೆ ಇನ್ನೊಂದಿಲ್ಲ ಎನ್ನುವವರಿದ್ದಾರೆ. ತಲೆಬುಡ ತಿಳಿಯದ, ನಿದ್ದೆ ಬರಿಸುವ, ಬರೀ ಚೆಂದದ ದೃಶ್ಯಗಳ ಸಾಲು ಎನ್ನುವವರೂ ಅಷ್ಟೇ ಜನ ಇದ್ದಾರೆ. ಒಂದು ಸಿನಿಮಾ ಎಲ್ಲರಿಗೂ ಒಂದೇ ರೀತಿ ಹಿಡಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಈ ಚಿತ್ರದ ಬಗೆಗಿನ ಜಗಳದಲ್ಲಿ ದೊಡ್ಡದೊಂದು ಪಾಲಿಗೆ ನೋಡುಗರ ಅಭಿರುಚಿ ಕಾರಣವೇ ಅಲ್ಲ. ಹೇಳಬೇಕಾದದ್ದನ್ನು ನೀವು ಹೇಳದೆ ಬಿಟ್ಟಿರುವುದೇ ಅದಕ್ಕೆ ಕಾರಣ. ಅದನ್ನು ನಿಮ್ಮ ಗಮನಕ್ಕೆ ತರಲೆಂದೇ ಈ ಪತ್ರ.

‘ದ ಗ್ರ್ಯಾಂಡ್‌ಮಾಸ್ಟರ್’ ಎಂಬ ಹೆಸರಿನಲ್ಲಿ ಇರುವುದು ಒಂದೇ ಚಿತ್ರವಲ್ಲ. 2013ರ ಜನವರಿಯಲ್ಲಿ ಚೀನಾ ಮತ್ತು ಹಾಂಗ್‌ಕಾಂಗ್‌ನ ಚಿತ್ರಮಂದಿರಗಳಿಗೆ ಬಂದದ್ದು 130 ನಿಮಿಷದ್ದು. ಮರುತಿಂಗಳು ಬರ್ಲಿನ್ ಚಲನಚಿತ್ರೋತ್ಸವದ ಉದ್ಘಾಟನೆಯಲ್ಲಿ ತೋರಿಸಿದ್ದು 123 ನಿಮಿಷದ್ದು. ಅದೇ ಆಗಸ್ಟ್‌ನಲ್ಲಿ ದ ವೈನ್‌ಸ್ಟೀನ್ ಕಂಪನಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ್ದು 108 ನಿಮಿಷದ್ದು. ಮೊದಲನೆಯದಕ್ಕೂ ಕೊನೆಯದಕ್ಕೂ 22 ನಿಮಿಷದ ಅಂತರ. ಅಲ್ಲಲ್ಲಿ ನಾಲ್ಕು ದೃಶ್ಯ ಕತ್ತರಿಸಿ ಬಿಸಾಡಿದ್ದರೆ ಮಾತು ಬೇರೆ ಇತ್ತು. ಅಮೆರಿಕದ ಪ್ರತಿಯಲ್ಲಿ ಹಿಂದೆಮುಂದೆ ಹೋಗುತ್ತಿದ್ದ ಕಥೆಯನ್ನು ಹೆಚ್ಚು ನೇರ ಮಾಡಿದರು. ಯಾರು ಯಾರು, ಯಾವ ಕಾಲ, ಯಾವ ಊರು ಎಂದು ವಿವರಿಸುವ ಬರಹಗಳನ್ನು ತೆರೆಯ ಮೇಲೆ ತಂದರು. ಬ್ರೂಸ್ ಲೀಯ ಗುರು ಇಪ್ ಮ್ಯಾನ್ ಅವರ ಕಥೆ ಇದು ಎಂಬ ಅಂಶಕ್ಕೆ ಒತ್ತು ಕೊಟ್ಟರು. ಹೀಗೆ ಚಿತ್ರದ ಉಸಿರಾಟವೇ ಬದಲಾಯಿತು.

ಇದು ನಿರ್ದೇಶಕರಿಗೆ ಗೊತ್ತಿಲ್ಲದೆ ನಡೆದದ್ದು ಎಂದು ನಾನು ದೂರುತ್ತಿಲ್ಲ. ಅಮೆರಿಕದ ಆವೃತ್ತಿಯಲ್ಲಿ ಅವರ ಕೈಯೂ ಇತ್ತು, ಅದನ್ನು ಅವರು ಸಮರ್ಥಿಸಿಕೊಂಡೂ ಇದ್ದಾರೆ. ಚೀನಾದ ಇತಿಹಾಸ ಗೊತ್ತಿಲ್ಲದವರಿಗೆ ಬೇರೆ ದಾರಿಯಲ್ಲಿ ಕಥೆ ಹೇಳುವುದು ಅವರ ಹಕ್ಕು. ನನ್ನ ತಕರಾರು ನಿಮ್ಮ ಮೇಲೆ. ಯಾವುದನ್ನು ನಮ್ಮ ಮುಂದಿಡುತ್ತಿದ್ದೀರಿ ಎಂದು ನೀವು ಹೇಳುವುದಿಲ್ಲ.

ಅದರ ಪರಿಣಾಮವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮದೊಂದು ಸಣ್ಣ ಬಳಗವಿದೆ. ಕೆಲವರು ಮೈಸೂರಿನಲ್ಲಿ, ಕೆಲವರು ಬೆಂಗಳೂರಿನಲ್ಲಿ, ಒಬ್ಬರು ನ್ಯೂಜೆರ್ಸಿಯಲ್ಲಿ. ಒಂದು ಚಿತ್ರ ಗೊತ್ತು ಮಾಡಿಕೊಂಡು ಅವರವರ ಮನೆಯಲ್ಲಿ ನೋಡಿ, ಆಮೇಲೆ ಫೋನಿನಲ್ಲಿ ಸೇರಿ ಮಾತಾಡುತ್ತೇವೆ. ‘ಗ್ರ್ಯಾಂಡ್‌ಮಾಸ್ಟರ್’ ಸರದಿ ಬಂದಾಗ ಮಾತು ಬೇಗನೆ ಬಿಸಿಯೇರಿತು. ‘ಪ್ರತಿಯೊಂದನ್ನೂ ಅಕ್ಷರ ಹಾಕಿ ಹೇಳುತ್ತಾರೆ, ಸಿನಿಮಾ ನೋಡಿದಂತಾಗಲಿಲ್ಲ, ಪಾಠ ಕೇಳಿದಂತಾಯಿತು’ ಎಂದರು ನ್ಯೂಜೆರ್ಸಿಯವರು. ‘ಎಲ್ಲಿ ಹೇಳುತ್ತಾರೆ? ಯಾರು ಯಾರ ಶಿಷ್ಯ ಅಂತಲೇ ನನಗೆ ಅರ್ಧ ಸಿನಿಮಾದವರೆಗೆ ತಿಳಿಯಲಿಲ್ಲ’ ಎಂದರು ಹಾಂಗ್‌ಕಾಂಗ್‌ನ ಹಳೆಯ ಡಿಸ್ಕ್ ಹಾಕಿ ನೋಡಿದ್ದ ಬೆಂಗಳೂರಿನ ಗೆಳತಿ. ನೀನು ಸರಿಯಾಗಿ ನೋಡಿಲ್ಲ, ಮೊಬೈಲ್ ಹಿಡಿದುಕೊಂಡು ಕೂತಿದ್ದೆ ಎಂಬಲ್ಲಿಗೆ ಬಂತು ಮಾತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಇಬ್ಬರೂ ಕಣ್ಣಿಟ್ಟು ನೋಡಿದ್ದರು. ನೋಡಿದ ಚಿತ್ರ ಮಾತ್ರ ಬೇರೆ ಬೇರೆ. ಒಬ್ಬರ ಪ್ರತಿಯ ಅವಧಿ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಇಬ್ಬರ ನಡುವೆ ಮುನಿಸೂ ಬಂದಾಗಿತ್ತು.

ನಾನು ನೋಡಿದ್ದು ನಿಮ್ಮಂಥದೇ ಒಂದು ವೇದಿಕೆಯಲ್ಲಿ. ಚಿತ್ರದ ಪುಟದಲ್ಲಿ ಹೆಸರಿತ್ತು, ಇಸವಿ ಇತ್ತು, ವಯೋಮಿತಿ ಇತ್ತು, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅವಧಿ ಇತ್ತು. ಇದು ಕಿರಿದಾದ ಆವೃತ್ತಿ, ಇನ್ನೊಂದು ಇದೆ ಎಂಬ ಒಂದು ಸಾಲು ಇರಲಿಲ್ಲ. ಅವಧಿ ಹಾಕಿದ್ದೇವಲ್ಲ ಎಂದು ನೀವು ಹೇಳಬಹುದು. 1 ಗಂಟೆ 48 ನಿಮಿಷ ಎಂದು ಓದಿದವನಿಗೆ ಮೂಲದಲ್ಲಿ 2 ಗಂಟೆ 10 ನಿಮಿಷ ಇತ್ತೆಂದು ತಿಳಿಯುವುದು ಹೇಗೆ? ಗ್ರಾಹಕ ಸಹಾಯ ವಿಭಾಗಕ್ಕೆ ಬರೆದೆ. ಚಿತ್ರಗಳ ಲಭ್ಯತೆ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗಬಹುದು ಎಂಬ ಸಿದ್ಧ ಉತ್ತರ ಬಂತು. ನಾನು ಕೇಳಿದ್ದು ಲಭ್ಯತೆಯನ್ನಲ್ಲ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಈ ಚಿತ್ರದ ಬಗ್ಗೆ ಅಭಿಪ್ರಾಯಗಳು ಎಲ್ಲಿ ಒಡೆಯುತ್ತವೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆವೃತ್ತಿಯ ಗೊಂದಲವೇ ಎಲ್ಲದಕ್ಕೂ ಕಾರಣ ಎಂದು ಹೊರಿಸಿಬಿಟ್ಟರೆ ಅದೂ ಅನ್ಯಾಯವಾಗುತ್ತದೆ.

ಬಹಳ ಜನ ಈ ಚಿತ್ರಕ್ಕೆ ಬರುವುದು ಡಾನಿ ಯೆನ್ ಅಭಿನಯದ ‘ಇಪ್ ಮ್ಯಾನ್’ ನೋಡಿದ ಮೇಲೆ. 2008ರ ಆ ಚಿತ್ರದಲ್ಲಿ ನಾಯಕ ಒಬ್ಬನೇ ಹತ್ತು ಮಂದಿ ಜಪಾನಿ ಕರಾಟೆಪಟುಗಳನ್ನು ಹೊಡೆದುರುಳಿಸುವ ದೃಶ್ಯವಿದೆ. ನೋಡುವವನ ಮುಷ್ಟಿ ತಾನಾಗಿ ಬಿಗಿಯುತ್ತದೆ. ಅದೇ ವ್ಯಕ್ತಿಯ ಕಥೆ ಎಂದು ಕೇಳಿ ಅದೇ ರುಚಿ ಹುಡುಕಿಕೊಂಡು ಬಂದವರಿಗೆ ಇಲ್ಲಿ ಬೇರೆಯದೇ ಸಿಗುತ್ತದೆ. ಇಪ್ ಮ್ಯಾನ್ ನಿಜವಾಗಿ ಬದುಕಿದ್ದವರು. 1893ರಲ್ಲಿ ದಕ್ಷಿಣ ಚೀನಾದ ಫೋಶಾನ್‌ನಲ್ಲಿ ಹುಟ್ಟಿ, ನಡುವಯಸ್ಸು ದಾಟಿದ ಮೇಲೆ ಹಾಂಗ್‌ಕಾಂಗ್ ಸೇರಿ, ಅಲ್ಲಿ ವಿಂಗ್ ಚುನ್ ಎಂಬ ಕುಂಗ್‌ಫೂ ಶೈಲಿ ಕಲಿಸಿ, 1972ರಲ್ಲಿ ತೀರಿಕೊಂಡರು. ಆ ಬಾಳನ್ನು ಡಾನಿ ಯೆನ್ ಚಿತ್ರಗಳು ವೀರಗಾಥೆಯಾಗಿ ಕಟ್ಟಿದವು. ವಾಂಗ್ ಕಾರ್-ವಾಯ್‌ಗೆ ಆ ಕಾಲದ ಇಡೀ ಕುಂಗ್‌ಫೂ ಲೋಕ ಬೇಕಿತ್ತು. ಹಾಗಾಗಿ ಅವರ ಚಿತ್ರದ ಅರ್ಧ ದಾಟುವ ಹೊತ್ತಿಗೆ ಟೋನಿ ಲಿಯುಂಗ್ ಅಭಿನಯದ ಇಪ್ ಮ್ಯಾನ್ ಪಕ್ಕಕ್ಕೆ ಸರಿಯುತ್ತಾನೆ. ಝಾಂಗ್ ಜಿಯಿ ಅಭಿನಯದ ಗಾಂಗ್ ಎರ್ ನಡುವೆ ಬಂದು ನಿಲ್ಲುತ್ತಾಳೆ. ಇದೇ ದೊಡ್ಡ ದೋಷ ಎನ್ನುತ್ತಾರೆ ಹಲವರು. ನನಗೆ ಇದೇ ಈ ಚಿತ್ರದ ದೊಡ್ಡ ಗುಣ. ಗಾಂಗ್ ಎರ್ ಕಲ್ಪಿತ ಪಾತ್ರ, ಆದರೂ ಚಿತ್ರದ ನಿಜವಾದ ನಾಯಕಿ ಅವಳೇ. ಅಪ್ಪನನ್ನು ಕೊಂದ, ಜಪಾನಿಯರ ಜೊತೆ ಸೇರಿದ ಶಿಷ್ಯ ಮಾ ಸಾನ್‌ನ ಮೇಲೆ ಹಗೆ ತೀರಿಸಿಕೊಳ್ಳಲು ಅವಳು ಮದುವೆಯಾಗುವುದಿಲ್ಲ, ಮಕ್ಕಳನ್ನು ಪಡೆಯುವುದಿಲ್ಲ, ವಿದ್ಯೆಯನ್ನು ಯಾರಿಗೂ ಕಲಿಸುವುದಿಲ್ಲ ಎಂದು ಶಪಥ ಮಾಡುತ್ತಾಳೆ. ಹಗೆ ತೀರುತ್ತದೆ. ಅಪ್ಪನಿಂದ ಬಂದ, ಬಾಗ್ವಾ ಎಂಬ ಕುಂಗ್‌ಫೂ ಶೈಲಿಯ 64 ಪಟ್ಟುಗಳು ಅವಳೊಂದಿಗೇ ಮುಗಿಯುತ್ತವೆ.

ಅವಳೂ ಮಾ ಸಾನ್‌ನೂ ಎದುರಾಗುವ ರೈಲು ನಿಲ್ದಾಣದ ದೃಶ್ಯವನ್ನು ದೊಡ್ಡ ತೆರೆಯಲ್ಲಿ ನೋಡಬೇಕೆಂಬ ಆಸೆ ನನಗಿನ್ನೂ ಇದೆ. ಹೊಸ ವರ್ಷದ ಹಿಂದಿನ ರಾತ್ರಿ, ಹಿಮ, ಹೊಗೆ, ಪಕ್ಕದಲ್ಲೇ ಮುಗಿಯದಂತೆ ಓಡುತ್ತಿರುವ ರೈಲು. ಅವಳ ಕೋಟಿನ ತುಪ್ಪಳ ಹರಿದು ಗಾಳಿಯಲ್ಲಿ ಹಾರುತ್ತದೆ. ಯುಯೆನ್ ವೂ-ಪಿಂಗ್ ಅವರ ಹೊಡೆದಾಟದ ಸಂಯೋಜನೆ, ಫಿಲಿಪ್ ಲ ಸೂರ್ ಅವರ ಛಾಯಾಗ್ರಹಣ ಎರಡೂ ಇಲ್ಲಿ ಒಂದಾಗಿವೆ. ಆ ಛಾಯಾಗ್ರಹಣ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ 12 ಪ್ರಶಸ್ತಿ ಬಂದವು. ಝಾಂಗ್ ಜಿಯಿಗೂ, ಮಾ ಸಾನ್ ಪಾತ್ರ ಮಾಡಿದ ಝಾಂಗ್ ಜಿನ್‌ಗೂ ಬಂತು. ಈ ಪಾತ್ರಕ್ಕಾಗಿ ವರ್ಷಗಟ್ಟಲೆ ವಿಂಗ್ ಚುನ್ ಕಲಿತು, ತರಬೇತಿಯಲ್ಲಿ ಕೈ ಮುರಿದುಕೊಂಡ ಟೋನಿ ಲಿಯುಂಗ್‌ಗೆ ಬರಲಿಲ್ಲ. ಅದರ ಬಗ್ಗೆಯೂ ನೋಡುಗರಲ್ಲಿ ಎರಡು ಮಾತಿದೆ. ನನಗೆ ಅದು ಸರಿಯಾಗಿಯೇ ಕಂಡಿತು, ಚಿತ್ರ ಗಾಂಗ್ ಎರ್‌ಳದು.

ನಮ್ಮ ಬಳಗದಲ್ಲಿ ಮಕ್ಕಳಿಗೆ ಕರಾಟೆ ಕಲಿಸುವವರೊಬ್ಬರಿದ್ದಾರೆ. ಅವರ ದೂರು ಬೇರೆ. ‘ಕಾಲು ಒಂದು ಶಾಟ್‌ನಲ್ಲಿ, ಕೈ ಇನ್ನೊಂದರಲ್ಲಿ, ಟೋಪಿಯ ಅಂಚಿನಿಂದ ಬೀಳುವ ಮಳೆಹನಿ ಮತ್ತೊಂದರಲ್ಲಿ. ಪೂರ್ತಿ ಮೈ ಕಾಣದೆ ಹೊಡೆತದ ಬಲ ಎಲ್ಲಿಂದ ಬಂತು ಅಂತ ನನಗೆ ಹೇಗೆ ಗೊತ್ತಾಗಬೇಕು?’ ಈ ಪ್ರಶ್ನೆಯಲ್ಲಿ ಹುರುಳಿದೆ. ಮೊದಲಿಗೇ ಬರುವ ಮಳೆಯ ಹೊಡೆದಾಟದಲ್ಲಿ ಬಿಳಿ ಟೋಪಿಯ ಇಪ್ ಮ್ಯಾನ್ ಯಾರನ್ನು ಯಾವಾಗ ಎತ್ತಿ ಎಸೆದ ಎಂದು ಲೆಕ್ಕವಿಡುವುದು ಕಷ್ಟ. ಆದರೆ ಅದೇ ಗೆಳೆಯರು ಎರಡು ದೃಶ್ಯಗಳಿಗೆ ಮಾತ್ರ ತಲೆಬಾಗಿದರು. ಒಂದು, ಗಾಂಗ್ ಎರ್‌ಳ ಅಪ್ಪ ಗಾಂಗ್ ಯುಟಿಯನ್ ಕೈಯಲ್ಲಿ ಒಂದು ಬಿಲ್ಲೆಯಂಥ ತಿನಿಸನ್ನು ಹಿಡಿದು, ಮುರಿ ನೋಡೋಣ ಎಂದು ಇಪ್ ಮ್ಯಾನ್‌ಗೆ ಸವಾಲು ಹಾಕುವುದು. ಉತ್ತರದ ದೊಡ್ಡ ಗುರು, ದಕ್ಷಿಣದ ಹೊಸ ಗುರು. ಮುಷ್ಟಿಯ ಬದಲು ವಿಚಾರದಿಂದ ನಡೆಯುವ ಪಂದ್ಯ. ಕೈಗಳು ಒಂದರ ಸುತ್ತ ಒಂದು ಸುತ್ತುತ್ತವೆ, ಪಾದಗಳು ನಿಧಾನವಾಗಿ ಜರುಗುತ್ತವೆ, ಕೊನೆಗೆ ತಿನಿಸಿನ ಒಂದು ಚೂರು ಬೀಳುತ್ತದೆ. ಇನ್ನೊಂದು, ಅಪ್ಪನ ಸೋಲಿಗೆ ಮಗಳು ಎದುರು ನಿಲ್ಲುವುದು. ಪಂದ್ಯ ನಡೆಯುವ ಕಟ್ಟಡದೊಳಗಿನ ಯಾವ ವಸ್ತು ಮುರಿದರೂ ಇಪ್ ಮ್ಯಾನ್ ಸೋತಂತೆ ಎಂಬ ಷರತ್ತು. ಮೆಟ್ಟಿಲ ಮೇಲೆ ಅವಳು ಬೀಳದಂತೆ ಹಿಡಿಯಲು ಹೋಗಿ ಅವನ ಕಾಲಡಿಯ ಹಲಗೆ ಬಿರುಕು ಬಿಡುತ್ತದೆ, ಅವನು ಸೋಲೊಪ್ಪಿಕೊಳ್ಳುತ್ತಾನೆ. ‘ಇಲ್ಲಿ ಮಾತ್ರ ನನಗೆ ಹೆಜ್ಜೆ ಕಾಣಿಸಿತು’ ಎಂದರು ಗೆಳೆಯರು.

ಇವೆಲ್ಲ ಆರೋಗ್ಯಕರವಾದ ಭಿನ್ನಾಭಿಪ್ರಾಯಗಳು. ಒಂದೇ ಚಿತ್ರ ನೋಡಿದ ಇಬ್ಬರು ಹೀಗೆ ಜಗಳವಾಡಲಿ, ರಾತ್ರಿಯಿಡೀ ಆಡಲಿ. ಆದರೆ ಚಾಂಗ್ ಚೆನ್ ಅಭಿನಯದ ‘ರೇಜರ್’ ಪಾತ್ರದ ವಿಷಯಕ್ಕೆ ಬನ್ನಿ. ಬಾಜಿ ಎಂಬ ಕುಂಗ್‌ಫೂ ಶೈಲಿಯ ನಿಪುಣನೊಬ್ಬ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಾನೆ, ಅವನು ಯಾಕಿದ್ದಾನೆ ಎಂದು ಬಹಳ ಜನ ಕೇಳುತ್ತಾರೆ. ಉದ್ದದ ಆವೃತ್ತಿಯಲ್ಲೂ ಅವನ ಕಥೆ ಅರ್ಧದಲ್ಲೇ ನಿಂತಂತಿದೆ, ಆ ಟೀಕೆ ನನಗೂ ಒಪ್ಪಿಗೆ. ಕಿರಿದಾದ ಆವೃತ್ತಿಯಲ್ಲಿ ಅವನ ಪಾಲು ಇನ್ನಷ್ಟು ಸೊರಗಿದೆ. ಅದನ್ನು ನೋಡಿದವರು ‘ನಿರ್ದೇಶಕರಿಗೆ ಕಥೆ ಕಟ್ಟಲು ಬರುವುದಿಲ್ಲ’ ಎಂದು ತೀರ್ಪು ಕೊಟ್ಟರೆ ಅದು ಯಾವ ಚಿತ್ರದ ಮೇಲಿನ ತೀರ್ಪು? ಸಿನಿಮಾಗಳಿಗೆ ಅಂಕ ಕೊಡುವ ತಾಣಗಳಲ್ಲಿ ಮೂರೂ ಆವೃತ್ತಿಗಳಿಗೆ ಸೇರಿ ಒಂದೇ ಅಂಕ. 108 ನಿಮಿಷದ್ದು ನೋಡಿ ಬೇಸತ್ತವರೂ 130 ನಿಮಿಷದ್ದು ನೋಡಿ ಕಣ್ಣೀರು ಹಾಕಿದವರೂ ಒಂದೇ ಬುಟ್ಟಿಗೆ ಮತ ಹಾಕುತ್ತಾರೆ. ಆ ಅಂಕ ನೋಡಿ ಮೂರನೆಯವರು ನೋಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಇನ್ನು ಮಾತಿನ ವಿಷಯ. ಈ ಚಿತ್ರದಲ್ಲಿ ಫೋಶಾನ್‌ನ ಇಪ್ ಮ್ಯಾನ್ ಕ್ಯಾಂಟೊನೀಸ್ ಮಾತಾಡುತ್ತಾನೆ, ಉತ್ತರದಿಂದ ಬಂದ ಗಾಂಗ್ ಎರ್ ಮ್ಯಾಂಡರಿನ್ ಮಾತಾಡುತ್ತಾಳೆ. ಇಬ್ಬರೂ ತಮ್ಮ ತಮ್ಮ ನುಡಿ ಬಿಡದೆ ಒಬ್ಬರನ್ನೊಬ್ಬರು ಪೂರ್ತಿ ಅರ್ಥಮಾಡಿಕೊಳ್ಳುತ್ತಾರೆ. ಉತ್ತರ ಮತ್ತು ದಕ್ಷಿಣದ ವಿದ್ಯೆಗಳು ಒಂದಾಗಬಹುದೇ ಎಂಬುದೇ ಚಿತ್ರದ ಮುಖ್ಯ ಎಳೆ. ಹಾಗಿರುವಾಗ ಇದು ಬರೀ ಸದ್ದಿನ ವಿಷಯವಲ್ಲ. ಡಬ್ ಆದ ಧ್ವನಿಯಲ್ಲಿ ಇಬ್ಬರೂ ಒಂದೇ ಭಾಷೆಯವರಾಗಿಬಿಡುತ್ತಾರೆ. ಡಬ್ಬಿಂಗ್ ಬೇಕೇ ಬೇಡವೇ ಎಂಬ ನಮ್ಮ ಹಳೆಯ ವಾದವನ್ನು ಇಲ್ಲಿ ಎಳೆದು ತರುವುದಿಲ್ಲ. ಡಬ್ ಬೇಕಾದವರಿಗೆ ಡಬ್ ಕೊಡಿ. ಆದರೆ ಮೂಲ ಧ್ವನಿಯನ್ನು ತೆಗೆದುಹಾಕಬೇಡಿ, ಹುಡುಕಿದರೂ ಸಿಗದ ಮೂಲೆಯಲ್ಲಿ ಇಡಬೇಡಿ. ನಾನು ನೋಡಿದ ಪ್ರತಿ ತೆರೆದ ಕೂಡಲೇ ಡಬ್ ಧ್ವನಿಯಲ್ಲೇ ಶುರುವಾಯಿತು. ಮೂಲ ಧ್ವನಿ ಇದೆ ಎಂದು ಗೊತ್ತಾಗಲು ಆಯ್ಕೆಗಳ ಪಟ್ಟಿಯೊಳಗೆ ಇಳಿದು ಹುಡುಕಬೇಕಾಯಿತು. ಉಪಶೀರ್ಷಿಕೆಗಳೂ ಅಷ್ಟಕ್ಕಷ್ಟೆ. ಬಾಗ್ವಾ, ಶಿಂಗ್‌ಯಿ, ವಿಂಗ್ ಚುನ್ ಎಂದು ಪಾತ್ರಗಳು ಬೇರೆ ಬೇರೆಯಾಗಿ ಹೇಳುವಲ್ಲೆಲ್ಲ ಒಂದೇ ‘ಕುಂಗ್‌ಫೂ’ ಬಂದು ಕೂತಿತ್ತು. ಯಾರು ಯಾವ ಮನೆತನದ ವಿದ್ಯೆಯವರು ಎಂಬುದೇ ಕಥೆಯಾಗಿರುವ ಚಿತ್ರದಲ್ಲಿ ಇದನ್ನು ಸಣ್ಣ ತಪ್ಪು ಎನ್ನಲಾಗದು. ಕನ್ನಡದ ಉಪಶೀರ್ಷಿಕೆಯಂತೂ ಇರಲೇ ಇಲ್ಲ. ಸಮರಕಲೆಯ ಚಿತ್ರಗಳನ್ನು ಆಸೆಪಟ್ಟು ನೋಡುವವರು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕುಗಳಲ್ಲಿ ಇದ್ದಾರೆ. ಕರಾಟೆ ತರಗತಿಗೆ ಹೋಗುವ ಮಕ್ಕಳಿದ್ದಾರೆ. ಅವರು ಇಂಥ ಚಿತ್ರವನ್ನು ತಮ್ಮ ಭಾಷೆಯ ಆಸರೆಯಲ್ಲಿ, ಮೂಲದ ಧ್ವನಿಯಲ್ಲಿ ನೋಡುವ ದಾರಿಯನ್ನೇ ನೀವು ತೆರೆದಿಲ್ಲ.

ಇದು ಒಂದು ಚಿತ್ರದ ಕಥೆಯಷ್ಟೇ ಆಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಜಾನ್ ವೂ ಅವರ ‘ರೆಡ್ ಕ್ಲಿಫ್’ 2008 ಮತ್ತು 2009ರಲ್ಲಿ ಏಷ್ಯಾದಲ್ಲಿ ಎರಡು ಭಾಗಗಳಾಗಿ, ಒಟ್ಟು ನಾಲ್ಕೂವರೆ ಗಂಟೆಗೂ ಮೀರಿದ ಚಿತ್ರವಾಗಿ ಬಂತು. ಪಶ್ಚಿಮಕ್ಕೆ ಹೋಗಿದ್ದು ಎರಡೂವರೆ ಗಂಟೆಯ ಒಂದೇ ಚಿತ್ರ. ಅರ್ಧಕ್ಕರ್ಧ ಹೋಯಿತು. ಎರಡಕ್ಕೂ ಒಂದೇ ಹೆಸರು. ವಾಂಗ್ ಕಾರ್-ವಾಯ್ ಅವರದೇ ಇನ್ನೊಂದು ಉದಾಹರಣೆ ನಿಮಗೆ ದಾರಿ ತೋರಿಸುತ್ತದೆ. 1994ರ ತಮ್ಮ ‘ಆಶಸ್ ಆಫ್ ಟೈಮ್’ ಎಂಬ ಖಡ್ಗವೀರರ ಚಿತ್ರವನ್ನು ಅವರು ಮತ್ತೆ ಸಂಕಲನ ಮಾಡಿ 2008ರಲ್ಲಿ ಹೊರತಂದಾಗ ಹೆಸರಿನ ಜೊತೆಗೆ ‘ರಿಡಕ್ಸ್’ ಎಂದು ಸೇರಿಸಿದರು. ಇದು ಬೇರೆ, ಮೊದಲಿನದು ಬೇರೆ ಎಂದು ಹೆಸರೇ ಹೇಳಿತು. ಯಾವುದು ಮೇಲು ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಯಾವುದರ ಬಗ್ಗೆ ವಾದಿಸುತ್ತಿದ್ದೇವೆ ಎಂದು ಅವರಿಗೆ ಗೊತ್ತಿದೆ.

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳೂ ಇದನ್ನು ಎಂದೋ ಮಾಡಿವೆ. ಇಡೀ ರಾತ್ರಿಯ ಪ್ರಸಂಗವನ್ನು ಕೆಲವೇ ಗಂಟೆಗೆ ಇಳಿಸಿದಾಗ ಕರಪತ್ರದಲ್ಲಿ ‘ಕಾಲಮಿತಿ’ ಎಂದು ಅಚ್ಚು ಹಾಕುತ್ತಾರೆ. ಬರುವವರು ತಿಳಿದೇ ಬರುತ್ತಾರೆ. ಬೆಳಗಿನವರೆಗೆ ಕೂರಬೇಕೆನ್ನುವವರು ಬೇರೆ ಬಯಲಾಟಕ್ಕೆ ಹೋಗುತ್ತಾರೆ. ಕಾಲಮಿತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಮುಗಿದಿಲ್ಲ, ಆದರೆ ಮೋಸ ಮಾಡಿದರು ಎಂದು ಯಾರೂ ದೂರುವುದಿಲ್ಲ.

ನಿಯಮದ ದೃಷ್ಟಿಯಿಂದಲೂ ಒಂದು ಮಾತು. ನಮ್ಮ ಚಿತ್ರಮಂದಿರಗಳಲ್ಲಿ ಪ್ರತಿ ಚಿತ್ರಕ್ಕೂ ಮುಂಚೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ತೆರೆಯ ಮೇಲೆ ಬರುತ್ತದೆ. ಚಿತ್ರದ ಭಾಷೆ, ಅವಧಿ, ಯಾವ ವಯಸ್ಸಿನವರಿಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಕೆಲವೇ ಸೆಕೆಂಡು ನಿಂತರೂ ಓದುವವರು ಓದಿಕೊಳ್ಳುತ್ತಾರೆ. ಒಟಿಟಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ನೀವು ಚಿತ್ರಗಳನ್ನು ವಯಸ್ಸಿಗೆ ತಕ್ಕಂತೆ ಯು, ಯು/ಎ 7+, 13+, 16+, ಎ ಎಂದು ವಿಂಗಡಿಸಬೇಕು. ಹಿಂಸೆ, ಬೈಗುಳ ಇದ್ದರೆ ಮೊದಲೇ ಸೂಚಿಸಬೇಕು. ಅದನ್ನು ನೀವು ಮಾಡುತ್ತಿದ್ದೀರಿ. ಅದೇ ಜಾಗದಲ್ಲಿ, ಅದೇ ಅಕ್ಷರಗಾತ್ರದಲ್ಲಿ ‘ಅಮೆರಿಕ ಬಿಡುಗಡೆಯ ಆವೃತ್ತಿ, 108 ನಿಮಿಷ, ಮೂಲ ಆವೃತ್ತಿ 130 ನಿಮಿಷ’ ಎಂದು ಒಂದು ಸಾಲು ಸೇರಿಸುವುದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮನಸ್ಸು ಮಾಡಿದರೆ ಸಾಕು.

‘ನಮಗೆ ಸಿಕ್ಕಿದ ಹಕ್ಕು ಇದೇ ಆವೃತ್ತಿಗೆ, ಬೇರೆಯದು ನಮ್ಮ ಕೈಯಲ್ಲಿಲ್ಲ’ ಎಂದು ವೇದಿಕೆಯವರು ಹೇಳುತ್ತೀರಿ. ಅದು ನಿಜವೇ ಇರಬಹುದು. ಹಕ್ಕುಗಳು ದೇಶದಿಂದ ದೇಶಕ್ಕೆ ಹರಿದು ಹಂಚಿರುತ್ತವೆ ಎಂಬುದು ನನಗೆ ತಿಳಿಯದ್ದಲ್ಲ. ಆದರೆ ಕೈಯಲ್ಲಿರುವುದು ಏನು ಎಂದು ಹೇಳಲು ಹಕ್ಕು ಬೇಕಿಲ್ಲ. ಇನ್ನು ವಿತರಕರಿಗೆ ನನ್ನ ಪ್ರಶ್ನೆ ಬೇರೆ: ಭಾರತಕ್ಕೆ ಕೊಳ್ಳುವಾಗ ಏಷ್ಯಾದ ಚಿತ್ರವೊಂದರ ಅಮೆರಿಕದ ಪ್ರತಿಯನ್ನೇ ಯಾಕೆ ಆರಿಸಬೇಕು? ಚೀನಾದ ಇತಿಹಾಸ ಗೊತ್ತಿಲ್ಲದ ಅಮೆರಿಕದವರಿಗೆಂದು ಸಿದ್ಧಪಡಿಸಿದ ಪ್ರತಿ ನಮಗೂ ಸಾಕು ಎಂದು ತೀರ್ಮಾನಿಸಿದವರು ಯಾರು? ಗುರು, ಮನೆತನ, ವಿದ್ಯೆಯ ವಾರಸುದಾರಿಕೆ, ಗುರುದ್ರೋಹ, ಶಪಥ ಇವನ್ನೆಲ್ಲ ನಮಗೆ ಅಕ್ಷರ ಹಾಕಿ ವಿವರಿಸಬೇಕಾಗಿಲ್ಲ. ಭೀಷ್ಮನ ಶಪಥ ಕೇಳಿ ಬೆಳೆದವರಿಗೆ ಗಾಂಗ್ ಎರ್ ಏನನ್ನು ಬಿಟ್ಟುಕೊಟ್ಟಳು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಉದ್ದವಾದದ್ದೆಲ್ಲ ಒಳ್ಳೆಯದು ಎಂಬುದು ನನ್ನ ವಾದವಲ್ಲ. ನಮ್ಮ ಬಳಗದಲ್ಲೇ ಎರಡೂ ಆವೃತ್ತಿಗಳನ್ನು ನೋಡಿ ಕಿರಿದಾದದ್ದೇ ಹಿಡಿಸಿತು, ಕಥೆ ಕೈಗೆ ಸಿಕ್ಕಿತು ಎಂದವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಗೌರವಿಸುತ್ತೇನೆ, ಯಾಕೆಂದರೆ ಅವರು ಎರಡನ್ನೂ ನೋಡಿ ಹೇಳಿದರು. ಆ ಅವಕಾಶ ಎಲ್ಲರಿಗೂ ಇರಲಿ ಎಂಬುದಷ್ಟೇ ನನ್ನ ಬೇಡಿಕೆ. ಚಿತ್ರವಿಮರ್ಶೆ ಬರೆಯುವವರಲ್ಲೂ, ವಿಡಿಯೊ ಮಾಡಿ ಅಭಿಪ್ರಾಯ ಹೇಳುವವರಲ್ಲೂ ಇದೇ ಸಂದರ್ಭದಲ್ಲಿ ಕೇಳಿಕೊಳ್ಳುತ್ತೇನೆ: ಇಂಥ ಚಿತ್ರಗಳ ಬಗ್ಗೆ ಮಾತಾಡುವಾಗ ನೀವು ನೋಡಿದ್ದು ಎಷ್ಟು ನಿಮಿಷದ್ದು, ಯಾವ ಧ್ವನಿಯಲ್ಲಿ ಎಂದು ಮೊದಲ ಸಾಲಿನಲ್ಲೇ ಹೇಳಿ.

ಈ ಚಿತ್ರದಲ್ಲಿ ಒಂದು ಗುಂಡಿ ಬರುತ್ತದೆ, ಕೋಟಿನ ಗುಂಡಿ. ಗಾಂಗ್ ಎರ್‌ಳ 64 ಪಟ್ಟುಗಳನ್ನು ನೋಡಲು ಉತ್ತರಕ್ಕೆ ಹೋಗಬೇಕೆಂದು ಇಪ್ ಮ್ಯಾನ್ ಚಳಿಗೆ ಕೋಟು ಹೊಲಿಸಿರುತ್ತಾನೆ. ಯುದ್ಧ ಬರುತ್ತದೆ, ಹೋಗಲಾಗುವುದಿಲ್ಲ, ಕೋಟು ಮಾರುತ್ತಾನೆ, ಒಂದು ಗುಂಡಿಯನ್ನು ಮಾತ್ರ ಇಟ್ಟುಕೊಳ್ಳುತ್ತಾನೆ. ವರ್ಷಗಳ ನಂತರ ಹಾಂಗ್‌ಕಾಂಗ್‌ನಲ್ಲಿ ಅದನ್ನು ಅವಳ ಕೈಗೆ ಕೊಡುತ್ತಾನೆ. ಕೊನೆಯ ಭೇಟಿಯಲ್ಲಿ ಅವಳು ಅದನ್ನು ಹಿಂದಿರುಗಿಸುತ್ತಾಳೆ. ಇಷ್ಟು ಸಣ್ಣ ವಸ್ತುವಿನ ಮೇಲೆ ಇಷ್ಟು ಭಾರ ಹೊರಿಸಿರುವ ಚಿತ್ರವನ್ನು ನಿಮಿಷಗಳ ಲೆಕ್ಕದಲ್ಲಿ ಕಡಿಮೆ ಮಾಡುವುದು ಸುಲಭದ ಕೆಲಸವಲ್ಲ. ಎಲ್ಲಿ ಎಷ್ಟು ಹೊತ್ತು ನಿಂತರು ಎಂಬುದರ ಮೇಲೆಯೇ ಆ ಗುಂಡಿಯ ತೂಕ ನಿಂತಿದೆ. ಗುಂಡಿಯ ಪ್ರಸಂಗ ನೀರಸ ಎಂದರು ಒಬ್ಬರು, ಎದೆ ಹಿಂಡಿತು ಎಂದರು ಇನ್ನೊಬ್ಬರು. ಇಬ್ಬರೂ ಒಂದೇ ಲಯದಲ್ಲಿ ಅದನ್ನು ನೋಡಿದ್ದರೇ ಎಂದು ನನಗೆ ಖಾತರಿಯಿಲ್ಲ.

ಆದ್ದರಿಂದ ನನ್ನ ಮನವಿ ಇಷ್ಟು. ಒಂದಕ್ಕಿಂತ ಹೆಚ್ಚು ಆವೃತ್ತಿ ಇರುವ ಯಾವುದೇ ಚಿತ್ರದ ಪುಟದಲ್ಲಿ, ಚಿತ್ರ ಶುರುವಾಗುವ ಮುನ್ನ, ಇದು ಯಾವ ಆವೃತ್ತಿ ಎಂದು ಬರೆಯಿರಿ. ಮೂಲದ ಅವಧಿಯನ್ನೂ ಪಕ್ಕದಲ್ಲಿ ಹಾಕಿ. ಮೂಲ ಧ್ವನಿಯನ್ನು ಮೊದಲ ಆಯ್ಕೆಯಾಗಿ ಇಡಿ, ಡಬ್ ಬೇಕಾದವರು ಬದಲಾಯಿಸಿಕೊಳ್ಳಲಿ. ಉಪಶೀರ್ಷಿಕೆಯನ್ನು ಆ ಕಲೆಯ ಪರಿಚಯವಿರುವ ಒಬ್ಬರಿಗೆ ಒಮ್ಮೆ ತೋರಿಸಿ ಸರಿಪಡಿಸಿ. ಕನ್ನಡದಲ್ಲಿ ಉಪಶೀರ್ಷಿಕೆ ಬರೆಯಬಲ್ಲವರು ಸಾಕಷ್ಟಿದ್ದಾರೆ, ಅವರಿಗೆ ಕೆಲಸ ಕೊಡಿ. ಹಕ್ಕು ನವೀಕರಿಸುವ ಹೊತ್ತು ಬಂದಾಗ, ವಿತರಕರೇ, ‘ದ ಗ್ರ್ಯಾಂಡ್‌ಮಾಸ್ಟರ್’ನ 130 ನಿಮಿಷದ ಆವೃತ್ತಿಯನ್ನು ಕೇಳಿ ತನ್ನಿ. ಕಿರಿದಾದದ್ದನ್ನು ತೆಗೆಯಬೇಡಿ, ಎರಡೂ ಇರಲಿ.

ನನ್ನ ಖಾಸಗಿ ಪತ್ರಗಳಿಗೆ ಸಿದ್ಧ ಉತ್ತರ ಮಾತ್ರ ಬಂದ ಕಾರಣ ಇದನ್ನು ಬಹಿರಂಗವಾಗಿ ಬರೆದಿದ್ದೇನೆ. ಉತ್ತರವನ್ನೂ ಬಹಿರಂಗವಾಗಿಯೇ ಕೊಡಿ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದು ಹೇಳಿ. ಆಗುತ್ತದೆ ಎಂದಾದರೆ ಯಾವಾಗಿನಿಂದ ಎಂದು ತಿಳಿಸಿ. ನಮ್ಮ ಬಳಗದವರು ಮತ್ತೆ ಒಟ್ಟಿಗೆ ನೋಡಲು ಕಾಯುತ್ತಿದ್ದಾರೆ, ಜಗಳವಾಡಲೂ.

ಇಂತಿ ನಿಮ್ಮ ವಿಶ್ವಾಸಿ,
ಚಂದಾ ಕಟ್ಟಿ ಸಿನಿಮಾ ನೋಡುವ ಒಬ್ಬ ಕನ್ನಡ ಪ್ರೇಕ್ಷಕ
ಮೈಸೂರು